ಮಾಜೆದಾ ಹೇಳದ ಹೆಸರು

ಸೋಮವಾರ ಬೆಳಗಾದರೆ ಬೆತುಲಿಯಾ ಊರಿನ ಮೂವತ್ತು ಹೆಂಗಸರು ತಗಡಿನ ಚಪ್ಪರದ ಕೆಳಗೆ ಬಂದು ಕೂರುತ್ತಾರೆ. ಐದೈದು ಜನರ ಆರು ಸಾಲು. ಎದುರಿಗೆ ಬ್ಯಾಂಕಿನ ಸಾರ್, ಅವರ ಬೆನ್ನ ಹಿಂದೆ ಅವರ ಸೈಕಲ್ಲು. ಸಾಲ ತೆಗೆದುಕೊಳ್ಳುವುದು, ವಾರದ ಕಂತು ಕಟ್ಟುವುದು, ಜಗಳ ಆಡುವುದು, ಆಡಿದ ಜಗಳವನ್ನು ಬಗೆಹರಿಸಿಕೊಳ್ಳುವುದು ಎಲ್ಲವೂ ಅಲ್ಲೇ. ಅಡವು ಇಡಲು ಇವರಲ್ಲಿ ಯಾರ ಹತ್ತಿರವೂ ಏನೂ ಇಲ್ಲದ್ದರಿಂದ ಐವರಿಗೆ ಆ ಐವರೇ ಜಾಮೀನು. ಒಬ್ಬಳು ಕಂತು ತಪ್ಪಿಸಿದರೆ ಉಳಿದ ನಾಲ್ವರ ಮುಂದಿನ ಸಾಲ ನಿಂತುಹೋಗುತ್ತದೆ. ಹಾಗಾಗಿ ಯಾರ ಮನೆಯ ಒಲೆ ಉರಿಯಿತು, ಯಾರ ಮನೆಯದು ಉರಿಯಲಿಲ್ಲ ಎಂಬುದು ಆ ಸಾಲಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ಎಂಟು ವರ್ಷದ ಹಿಂದೆ ಈ ಸಾಲುಗಳು ಮೊದಲು ಕೂತ ದಿನ ಸಾರ್ ಒಂದು ಪರೀಕ್ಷೆ ಮಾಡಬೇಕಾಗಿತ್ತು. ನಿನ್ನ ಹೆಸರೇನು, ಗಂಡನ ಹೆಸರೇನು, ದುಡ್ಡು ಕೊಟ್ಟರೆ ಏನು ಮಾಡುತ್ತೀಯ, ಇಷ್ಟೇ. ಮೊದಲನೆಯವಳು ತನ್ನ ಹೆಸರು ಹೇಳಿದಳು. ಗಂಡನ ಹೆಸರು ಕೇಳಿದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡನೆಯವಳೂ ಅಷ್ಟೆ. ಮೂರನೆಯವಳೂ ಅಷ್ಟೆ. ಆಗಿನ್ನೂ ಸಾರ್ ಊರಿಗೆ ಹೊಸಬರು, ಪಟ್ಟಣದ ಕಾಲೇಜಿನಿಂದ ನೇರ ಬಂದವರು. ಹೆಂಗಸರು ಹೆದರಿದ್ದಾರೆ ಎಂದುಕೊಂಡು ದನಿ ಮೆತ್ತಗೆ ಮಾಡಿ ಮತ್ತೆ ಕೇಳಿದರು. ಮೆತ್ತಗೆ ಕೇಳಿದರೂ ಗಂಡನ ಹೆಸರು ಗಂಡನ ಹೆಸರೇ ತಾನೇ? ಹೆಂಡತಿಯ ಬಾಯಲ್ಲಿ ಅದು ಬಂದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಅವರವರ ಅಮ್ಮಂದಿರು ಹೇಳಿಕೊಟ್ಟೇ ಕಳಿಸಿದ್ದರು.

ಆಗ ಕೊಹಿನೂರ್ ಎಂಬವಳು ಎದ್ದು ನಿಂತಳು. ಬಾಯಿ ಜೋರಿನ ಹೆಂಗಸು. "ಸಾರ್, ಇವಳ ಗಂಡನ ಹೆಸರು ನಾನು ಹೇಳ್ತೀನಿ. ನನ್ನ ಗಂಡಂದು ಆ ಕಡೆಯೋಳು ಹೇಳ್ಲಿ. ಬರಕೊಳ್ಳೋದಕ್ಕೆ ಯಾರು ಹೇಳಿದ್ರೇನು?" ಅಂದಳು.

ಅಂದಿನಿಂದ ಅದೇ ಪದ್ಧತಿ. ಯಾವ ಕಾಗದ ಬಂದರೂ ಗಂಡನ ಹೆಸರನ್ನು ಎಡಗಡೆ ಕೂತವಳು ಹೇಳಬೇಕು. ಸಾರ್‌ಗೂ ಅಭ್ಯಾಸವಾಗಿ ಹೋಯಿತು. ಪ್ರಶ್ನೆ ಇವಳಿಗೆ ಕೇಳಿ, ಕಣ್ಣು ಅವಳ ಎಡಕ್ಕೆ ತಿರುಗಿಸುತ್ತಾರೆ.

ಮಾಜೆದಾಳ ಎಡಗಡೆ ಕೂರುವವಳು ಇದೇ ಕೊಹಿನೂರ್. ಮಾಜೆದಾಳ ಗಂಡನ ಹೆಸರನ್ನು ಅವಳು ಬರೀ ಹೇಳುತ್ತಿರಲಿಲ್ಲ, ಜೊತೆಗೆ ಒಂದಿಷ್ಟು ಉಪ್ಪು ಖಾರ ಹಚ್ಚಿ, "ಅದೇ ಸಾರ್, ಸೈಕಲ್ ವ್ಯಾನು ತುಳೀತಾ ಹಾಡು ಹೇಳ್ಕೊಂಡು ಹೋಗ್ತಾನಲ್ಲ, ಶ್ರುತಿ ಇಲ್ಲದ್ದು" ಎಂದು ಸೇರಿಸುತ್ತಿದ್ದಳು. ಮಾಜೆದಾ ಹೇಳದ ಹೆಸರನ್ನು ಅವಳಿಗಿಂತ ಮೊದಲು ನಾವು ಹೇಳುವುದು ಸರಿಯಲ್ಲ. ಊರಿಗೆಲ್ಲ ಗೊತ್ತಿರುವ ಸಾದಾ ಹೆಸರೇ ಅದು. ಸದ್ಯಕ್ಕೆ ಶೆಫಾಲಿಯ ಅಪ್ಪ ಅಂದರೆ ಸಾಕು. ಮಾಜೆದಾ ಕೂಡ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲು "ಕೇಳಿಸ್ತಾ?" ಎಂದೂ, ಮಗಳು ಹುಟ್ಟಿದ ಮೇಲೆ "ಶೆಫಾಲಿ ಅಪ್ಪಾ" ಎಂದೂ ಕರೆದೇ ಬದುಕಿದ್ದಾಳೆ.

ಮಾಜೆದಾ ಮಂಡಕ್ಕಿ ಹುರಿಯುವವಳು. ಒಂದು ಮಡಕೆಯಲ್ಲಿ ಉಪ್ಪುನೀರು ಚಿಮುಕಿಸಿದ ಅಕ್ಕಿಯನ್ನು ಬಿಸಿ ಮಾಡಿ, ಇನ್ನೊಂದು ಮಡಕೆಯ ಕಾದ ಮರಳಿಗೆ ಸುರಿದು, ಕಡ್ಡಿಕಟ್ಟಿನಿಂದ ನಾಲ್ಕು ಸಲ ಗರಗರ ತಿರುಗಿಸಿದರೆ ಮಡಕೆ ತುಂಬ ಬೆಳ್ಳಗೆ ಉಬ್ಬಿ ನಿಲ್ಲುತ್ತದೆ. ಐದನೆಯ ಸಲ ತಿರುಗಿಸಿದರೆ ಕಂದು ಬಣ್ಣ, ಗಿರಾಕಿ ಮೂಗು ಮುರಿಯುತ್ತಾನೆ. ಈ ಕೆಲಸ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಮೊದಲೆಲ್ಲ ಅಕ್ಕಿ ಬೇರೆಯವರದು, ಒಲೆ ಬೇರೆಯವರದು. ದಿನವಿಡೀ ಬೆಂಕಿಯ ಮುಂದೆ ಕೂತರೆ ಸಂಜೆಗೆ ಸೆರಗಿನಲ್ಲಿ ಒಂದು ಸೇರು ನುಚ್ಚು. ಆ ನುಚ್ಚಿನ ಗಂಜಿಯನ್ನು ನಾಲ್ಕು ಜನ ಕುಡಿಯಬೇಕು. ಅತ್ತೆ ತನಗೆ ಹಸಿವಿಲ್ಲ ಎನ್ನುತ್ತಿದ್ದಳು, ಮಾಜೆದಾ ತಾನು ಆಗಲೇ ಉಂಡೆ ಎನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳುತ್ತಿರುವುದು ಇಬ್ಬರಿಗೂ ಗೊತ್ತಿತ್ತು.

ಮೊದಲ ಸಾಲದಲ್ಲಿ ಮಾಜೆದಾ ಎರಡು ಮೂಟೆ ಭತ್ತ ಕೊಂಡಳು. ಭತ್ತ ಮಂಡಕ್ಕಿಯಾಯಿತು, ಮಂಡಕ್ಕಿ ಸಂತೆಗೆ ಹೋಯಿತು, ಬಂದ ದುಡ್ಡಿನಲ್ಲಿ ಕಂತು ಕಟ್ಟಿ ಉಳಿದದ್ದರಲ್ಲಿ ಮತ್ತೆ ಭತ್ತ. ಮೊದಲ ಕಂತಿನ ದಿನ ಅವಳು ನೋಟುಗಳನ್ನು ಬೆವರಿನ ಕೈಯಲ್ಲಿ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಸಾರ್ ಅದನ್ನು ಬಿಡಿಸಿಕೊಳ್ಳಬೇಕಾಯಿತು. ಮೂರನೆಯ ಸಾಲದಲ್ಲಿ ಗಂಡನಿಗೆ ಸರಕು ಸಾಗಿಸುವ, ಹಿಂದೆ ಹಲಗೆ ಇರುವ ಮೂರು ಚಕ್ರದ ಪೆಡಲ್ ವ್ಯಾನು ಕೊಡಿಸಿದಳು. ಅದುವರೆಗೆ ಅವನು ಬಾಡಿಗೆ ವ್ಯಾನು ತುಳಿದು ದುಡಿದದ್ದರಲ್ಲಿ ಅರ್ಧ ಮಾಲೀಕನಿಗೆ ಕೊಡುತ್ತಿದ್ದ. ಸ್ವಂತ ವ್ಯಾನು ಬಂದ ಮೇಲೆ ಅವನು ಊರೆಲ್ಲ ಹೇಳಿಕೊಂಡು ತಿರುಗಿದ: "ನಾನು ಹೆಂಡ್ತಿ ಗಾಡಿ ತುಳಿಯೋನಪ್ಪಾ, ಸಂಬಳ ಇಲ್ಲ, ಊಟ ಮಾತ್ರ." ನಗುನಗುತ್ತ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಒಂದೇ ದೋಷ ಅಂದರೆ ಯಾರು ಏನು ಹೇಳಿದರೂ ಅವನ ಕಿವಿಯಲ್ಲಿ ಅದು ಮೂರು ದಿನ ಕೂತಿರುತ್ತಿತ್ತು.

ದಿನಕ್ಕೆ ಎರಡು ಹೊತ್ತು ಅನ್ನ ಬಂತು, ಕೆಲವು ದಿನ ಮೂರು ಹೊತ್ತು. ಅತ್ತೆಗೆ ಹಸಿವೂ ಬಂತು. ಶೆಫಾಲಿ ಏಳನೆಯ ತರಗತಿಗೆ ಹೋದಳು. ಆದರೆ ಮನೆ ಮಾತ್ರ ಹಳೆಯದೇ. ಸೆಣಬಿನ ಕಡ್ಡಿಯ ಗೋಡೆ, ಹುಲ್ಲಿನ ಸೂರು. ನಾಲ್ಕು ವರ್ಷದ ಹಿಂದಿನ ದೊಡ್ಡ ನೆರೆಯಲ್ಲಿ ಅರ್ಧ ಕೊಳೆತು ಹೋಗಿದ್ದನ್ನು ತೇಪೆ ಹಾಕಿ ನಿಲ್ಲಿಸಿದ್ದರು. ಮಳೆ ಬಂದರೆ ಮೊದಲು ಭತ್ತದ ಮೂಟೆ ಸರಿಸಬೇಕು, ಆಮೇಲೆ ಅತ್ತೆಯನ್ನು, ಆಮೇಲೆ ಶೆಫಾಲಿಯ ಪುಸ್ತಕವನ್ನು. ಹೋದ ವರ್ಷ ವೈಶಾಖದ ಬಿರುಗಾಳಿಗೆ ಸೂರು ಹಾರಿಹೋಗಿ ಮೂರು ಮೂಟೆ ಭತ್ತ ನೆನೆದು ಮೊಳಕೆ ಒಡೆಯಿತು. ಮಾಜೆದಾ ಆ ಮೊಳಕೆಯನ್ನು ಕೈಯಲ್ಲಿ ಹಿಡಿದು ಅತ್ತಿದ್ದಳು. ಅದರ ಹಿಂದಿನ ಯಾವ ಕಷ್ಟಕ್ಕೂ ಅವಳು ಅಷ್ಟು ಅತ್ತವಳಲ್ಲ.

ಈ ವರ್ಷ ರಂಜಾನಿನಲ್ಲಿ ಮಂಡಕ್ಕಿ ಎಷ್ಟು ಹುರಿದರೂ ಸಾಲಲಿಲ್ಲ. ಇಫ್ತಾರಿಗೆ ಕಡಲೆ, ಈರುಳ್ಳಿ ಬೋಂಡದ ಜೊತೆ ಮಂಡಕ್ಕಿ ಇಲ್ಲದ ಮನೆ ಎಲ್ಲಿದೆ? ಈದ್ ಮುಗಿದ ಮರುದಿನದ ಸಭೆಯಲ್ಲಿ ಸಾರ್ ಒಂದು ಸುದ್ದಿ ತಂದರು. ಆ ಚಪ್ಪರಕ್ಕೆ ಈ ಸಲ ಒಂದೇ ಒಂದು ಮನೆ ಸಾಲ ಬಂದಿದೆ. ನಾಲ್ಕು ಸಿಮೆಂಟಿನ ಕಂಬ, ಮೇಲೆ ತಗಡು. ಎಂಟು ವರ್ಷದಲ್ಲಿ ಒಂದು ಕಂತನ್ನೂ ತಪ್ಪಿಸದ ಮಾಜೆದಾಗೆ ಕೊಡೋಣವೆಂದು ಬ್ಯಾಂಕು ಯೋಚಿಸಿದೆ.

ಹೆಂಗಸರೆಲ್ಲ ತಿರುಗಿ ಅವಳನ್ನು ನೋಡಿದರು. ಕೊಹಿನೂರ್ ಅವಳ ತೊಡೆ ಚಿವುಟಿದಳು.

"ಆದ್ರೆ ಒಂದು ಷರತ್ತಿದೆ," ಎಂದರು ಸಾರ್. "ಮನೆ ನಿಲ್ಲೋ ಜಾಗ ನಿಮ್ಮ ಹೆಸರಿನಲ್ಲಿರಬೇಕು. ಗಂಡನ ಹೆಸರಲ್ಲಿದ್ರೆ ಆಗಲ್ಲ."

"ಯಾಕೆ ಸಾರ್? ಅವರ ಜಾಗ ಅಂದ್ರೆ ನಂದೇ ಅಲ್ವಾ?"

"ನಾಳೆ ಅವರು ಮೂರು ಸಲ ತಲಾಕ್ ಅಂದ್ರೆ? ಮನೆ ಅವರದ್ದು, ಸಾಲ ನಿಮ್ಮದು, ನೀವು ಬೀದೀಲಿ. ಹಂಗಾಗಬಾರದು ಅಂತ ಈ ನಿಯಮ. ಮುಂದಿನ ಸೋಮವಾರದೊಳಗೆ ನೋಂದಣಿ ಕಾಗದ ತಂದುಕೊಡಿ. ಇಲ್ಲಾಂದ್ರೆ ಈ ಹಣ ಬೇರೆ ಊರಿನ ಚಪ್ಪರಕ್ಕೆ ಹೋಗುತ್ತೆ."

ಹತ್ತಿರದ ಪೇಟೆಗೆ ನೋಂದಣಿ ಸಾಹೇಬರು ಬರುವುದು ಗುರುವಾರ ಮಾತ್ರ. ಅಂದರೆ ಇರುವುದು ಒಂದೇ ಗುರುವಾರ. ಆಮೇಲೆ ಚೈತ್ರ ಮುಗಿದು ವೈಶಾಖ, ವೈಶಾಖ ಅಂದರೆ ಬಿರುಗಾಳಿ.

ಐದು ಸೆಂಟು ಜಾಗ. ಅಪ್ಪನಿಂದ ಶೆಫಾಲಿಯ ಅಪ್ಪನಿಗೆ ಬಂದದ್ದು ಅಷ್ಟೇ. ಅವನ ಅಣ್ಣ ಮೊಕಿಮನಿಗೆ ಪಕ್ಕದ ಐದು ಸೆಂಟು. ಮಾಜೆದಾ ಮನೆಗೆ ಬಂದು ವಿಷಯ ಹೇಳಿದಾಗ ಗಂಡ ತಂಗಳನ್ನಕ್ಕೆ ಹಸಿಮೆಣಸಿನಕಾಯಿ ನುರಿಯುತ್ತಿದ್ದ. "ಅದಕ್ಕೇನಂತೆ, ಬರಕೊಟ್ರಾಯ್ತು. ತಗಡಿನ ಮನೆ ಬರುತ್ತಲ್ಲ!" ಎಂದು ಖುಷಿಯಾಗಿಯೇ ಹೇಳಿದ. ಕೈ ತೊಳೆದು, ವ್ಯಾನು ಹತ್ತಿ, ಶ್ರುತಿ ಇಲ್ಲದ ಹಾಡು ಹೇಳುತ್ತ ಹೋದ.

ಸಂಜೆ ಬರುವಾಗ ಹಾಡು ಇರಲಿಲ್ಲ.

ಚಹಾ ಅಂಗಡಿಯಲ್ಲಿ ನಡೆದದ್ದನ್ನು ಕೊಹಿನೂರಳ ಗಂಡ ಕೇಳಿ ಬಂದು ಹೆಂಡತಿಗೆ ಹೇಳಿದ, ಅವಳು ಮಾಜೆದಾಗೆ ಹೇಳಿದಳು. ಅಲ್ಲಿ ಮೊಕಿಮ್ ಸಿಕ್ಕಿದ್ದನಂತೆ. ಶೆಫಾಲಿಯ ಅಪ್ಪ ಬಾಯಿ ತಡೆಯಲಾರದೆ ಸುದ್ದಿ ಹೇಳಿದ್ದಾನೆ. ಮೊಕಿಮ್ ಚಹಾದ ಲೋಟ ಕೆಳಗಿಟ್ಟು, ಭುಜದ ಟವೆಲ್ಲನ್ನು ಸೆರಗಿನ ಹಾಗೆ ತಲೆಗೆ ಹೊದ್ದು, ಹೆಣ್ಣುದನಿ ಮಾಡಿ, ಸೊಂಟಕ್ಕೆ ಕೈ ಇಟ್ಟು ತಮ್ಮನ ಹೆಸರು ಹಿಡಿದು ಕೂಗಿದನಂತೆ: "ಇದು ನನ್ನ ಮನೆ! ಹೊರಗೆ ಹೋಗು!" ಅಂಗಡಿ ತುಂಬ ನಗು. "ನೋಡ್ತಾ ಇರು ತಮ್ಮಾ, ಇವತ್ತು ಜಾಗ ಕೊಡು, ನಾಳೆ ಅವಳು ನಿನ್ನ ಹೆಸರು ಹಿಡಿದು ಕೂಗಿ ಆಚೆಗೆ ಹಾಕ್ತಾಳೆ. ಗಾಡಿ ಅವಳದ್ದು, ಮನೆ ಅವಳದ್ದು, ನೀನು ಯಾರ ಮನೆ ಆಳು?"

ಇದು ಅವನ ಕಿವಿಯಲ್ಲಿ ಕೂತಿತು.

ಬೇಡ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮಂಗಳವಾರ ಜಾಗದ ಪತ್ರ ಬರೆಯುವವನ ಹತ್ತಿರ ಹೋಗಿ ಕಾಗದ ಸಿದ್ಧ ಮಾಡಿಸಿ ಬಂದ, ಆದರೆ ಗುರುವಾರದ ಮಾತು ಎತ್ತಿದರೆ ಮೀನಮೇಷ ಎಣಿಸತೊಡಗಿದ. ಒಮ್ಮೆ ಗುರುವಾರ ಯಾರದೋ ಇಟ್ಟಿಗೆ ಸಾಗಿಸಬೇಕು ಎಂದ, ಇನ್ನೊಮ್ಮೆ ವ್ಯಾನಿನ ಚೈನು ಸರಿ ಇಲ್ಲ ಎಂದ. ಚೈನಿಗೆ ಎಣ್ಣೆ ಹಾಕಿಟ್ಟವಳು ಮಾಜೆದಾಳೇ. ಅವಳಿಗೆ ಗೊತ್ತಿಲ್ಲವೇ?

ಬುಧವಾರ ಮಧ್ಯಾಹ್ನ ಅವಳು ಒಲೆಯ ಮುಂದೆ ಕೂತವಳು ಮರಳನ್ನು ಐದನೆಯ ಸಲ ತಿರುಗಿಸಿಬಿಟ್ಟಳು, ಆರನೆಯ ಸಲವೂ ತಿರುಗಿಸಿದಳು. ಮಡಕೆ ತುಂಬ ಕಂದು ಮಂಡಕ್ಕಿ. ಅತ್ತೆ ಜಗಲಿಯಿಂದ ನೋಡಿದಳು.

"ಏನೇ, ಮಂಡಕ್ಕಿ ಹುರೀತಿದೀಯೋ ಇದ್ದಲು ಸುಡ್ತಿದೀಯೋ?"

"ಅಮ್ಮಾ, ನನಗೆ ಅವರ ಜಾಗ ಬೇಡ," ಎಂದಳು ಮಾಜೆದಾ. ಕಣ್ಣಲ್ಲಿ ನೀರು ಬಂದಿತ್ತು, ಹೊಗೆಗೋ ಏನೋ. "ನನಗೆ ತಗಡು ಬೇಕು. ಭತ್ತ ನೆನೀಬಾರದು ಅಷ್ಟೆ. ನಾನು ಯಾವತ್ತಾದ್ರೂ ಅವರನ್ನ ಆಚೆಗೆ ಹಾಕೋ ಹೆಂಗಸಾ? ಹೇಳಿ. ಹತ್ತೊಂಬತ್ತು ವರ್ಷ ಆದ್ಮೇಲೂ ಅಷ್ಟು ಗೊತ್ತಾಗಬಾರದಾ ಅವರಿಗೆ?"

ಅವಳಿಗೆ ನಿಜವಾಗಿ ನೋವಾದದ್ದು ಅದು. ತಗಡು ಹೋದರೆ ಹೋಗಲಿ. ಒಂದು ಅಂಗಡಿ ತುಂಬ ಜನ ನಕ್ಕರು ಎಂದು ಅವನು ತನ್ನನ್ನು ಅನುಮಾನಿಸಿದನಲ್ಲ ಎಂದು.

ಅತ್ತೆ ಎಲೆಯಡಿಕೆ ಕುಟ್ಟುವ ಪುಟ್ಟ ಒರಳನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ಕುಟ್ಟಿದಳು. ಹಲ್ಲಿಲ್ಲದ ಬಾಯಿಗೆ ಅಷ್ಟು ಕುಟ್ಟುವ ಅಗತ್ಯ ಇತ್ತು ಎನ್ನೋಣ.

ಗುರುವಾರ ಬೆಳಿಗ್ಗೆ ಶೆಫಾಲಿಯ ಅಪ್ಪ ಹಿತ್ತಲಲ್ಲಿ ಮುಖ ತೊಳೆದು ಬಂದು ನೋಡಿದರೆ ಅವನ ವ್ಯಾನಿನ ಹಲಗೆಯ ಮೇಲೆ ಅವನ ತಾಯಿ ಕೂತಿದ್ದಳು. ಒಗೆದ ಬಿಳಿ ಸೀರೆ, ತೊಡೆಯ ಮೇಲೆ ಎಲೆಯಡಿಕೆ ಡಬ್ಬಿ, ಪತ್ರದ ಕಾಗದ ಸುತ್ತಿದ ಪ್ಲಾಸ್ಟಿಕ್ ಚೀಲ.

"ಅಮ್ಮಾ, ಇಳಿ. ಇಟ್ಟಿಗೆ ಗಾಡಿ ಇದು."

"ಇಟ್ಟಿಗೆ ನನ್ನ ಮೇಲೆ ಹೇರು. ಪೇಟೆಗೆ ನಡಿ."

"ಅಣ್ಣ ಹೇಳ್ತಿದ್ದ..."

"ಅವನು ಹೇಳಿದ್ದು ನನಗೂ ಕೇಳಿಸ್ತು. ಟವೆಲ್ ಹೊದ್ದು ಕುಣಿದನಂತೆ. ಅವನಿಗೆ ಆ ಕುಣಿತ ಎಲ್ಲಿಂದ ಬಂತು ಗೊತ್ತಾ? ನಿಮ್ಮಪ್ಪಂದು ಅದು." ಮುದುಕಿ ದನಿ ಏರಿಸಲಿಲ್ಲ. "ಇದೇ ಅಂಗಳದಲ್ಲಿ ನಿಂತು ಮೂರು ಸಲ ನನ್ನನ್ನ ಹೊರಗೆ ಹೋಗು ಅಂದ್ರು. ಒಂದು ಸಲ ನೀನು ನನ್ನ ಹೊಟ್ಟೇಲಿದ್ದೆ. ಎರಡು ರಾತ್ರಿ ಸೆಣಬಿನ ಬಣವೆ ಪಕ್ಕ ಮಲಗಿದ್ದೆ. ಆಮೇಲೆ ಅವರೇ ಬಂದು ಕರೆದ್ರು, ಒಳ್ಳೇವ್ರೇ. ಆದ್ರೆ ಕರೆಯೋದೂ ಅವರ ಕೈಲೇ ಇತ್ತಲ್ಲ. ಹೆಂಗಸಿಗೆ ಜಾಗ ಕೊಟ್ರೆ ಆಚೆಗೆ ಹಾಕ್ತಾಳೆ ಅಂತ ಗಂಡಸರಿಗೆ ಯಾಕೆ ಹೊಳೆಯುತ್ತೆ ಹೇಳು? ತಾವು ಹಾಕಿ ಅಭ್ಯಾಸ ಇದೆ, ಅದಕ್ಕೆ."

ಅವನು ನೆಲ ನೋಡುತ್ತ ನಿಂತ. ಬಣವೆಯ ಕತೆ ಅವನಿಗೆ ಗೊತ್ತಿರಲಿಲ್ಲ. ಮಾಜೆದಾಗೂ ಗೊತ್ತಿರಲಿಲ್ಲ.

"ಏ ಮಾಜೆದಾ, ಹತ್ತು," ಎಂದಳು ಅತ್ತೆ. "ಎಡಗಡೆ ಕೂರು, ನನ್ನ ಕಾಲು ಚಾಚಬೇಕು."

ಅವನು ಪೇಟೆಯ ಕಡೆಗೆ ತುಳಿದ. ಇಟ್ಟಿಗೆಯವನ ಅಂಗಡಿ ದಾಟುವಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡ. ಇಟ್ಟಿಗೆ ಸಾಗಿಸುವ ಮಾತು ನಿಜವೋ ಸುಳ್ಳೋ, ಮಾಜೆದಾ ಕೇಳಲಿಲ್ಲ.

ನೋಂದಣಿ ಸಾಹೇಬರು ವಯಸ್ಸಾದವರು, ದಪ್ಪ ಕನ್ನಡಕ, ಮುಂದೆ ಕಾಗದದ ರಾಶಿ. ಜಗಲಿಯಲ್ಲಿ ಐವತ್ತು ಜನ ಕಾಯುತ್ತಿದ್ದರು. ಇವರ ಸರದಿ ಬಂದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಸಾಹೇಬರು ಮೊದಲು ಗಂಡನನ್ನು ಕೇಳಿದರು, ಸ್ವಂತ ಮನಸ್ಸಿನಿಂದ ಕೊಡುತ್ತಿದ್ದೀಯಾ ಎಂದು. ಅವನು ತಾಯಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಹೌದು ಸಾರ್" ಎಂದ. ದನಿ ಸಣ್ಣದಾಗಿತ್ತು, ಆದರೆ ಹೇಳಿದ. ಹೆಬ್ಬೆಟ್ಟು ಒತ್ತಿದ.

"ಈಗ ನೀನು ಹೇಳಮ್ಮ. ನಿನ್ನ ಹೆಸರು?"

"ಮಾಜೆದಾ ಖಾತುನ್."

"ಈ ಜಾಗ ನಿನಗೆ ಕೊಡ್ತಿರೋ ನಿನ್ನ ಗಂಡನ ಹೆಸರು?"

ಮಾಜೆದಾ ಎಡಕ್ಕೆ ತಿರುಗಿದಳು. ಎಂಟು ವರ್ಷದ ಅಭ್ಯಾಸ. ಎಡಗಡೆ ಕೊಹಿನೂರ್ ಇರಲಿಲ್ಲ, ಕಬ್ಬಿಣದ ಬೀರು ಇತ್ತು.

ಗಂಡ ಬಾಯಿ ತೆರೆದ. "ನೀನು ಸುಮ್ನಿರಯ್ಯ," ಎಂದರು ಸಾಹೇಬರು. "ಅವಳು ಹೇಳಲಿ." ಅತ್ತೆ ಬಾಯಿ ತೆರೆದಳು. "ನೀವೂ ಸುಮ್ನಿರಿ ಅಜ್ಜಿ." ಮಾಜೆದಾ ಸೆರಗು ಬಾಯಿಗೆ ಒತ್ತಿಕೊಂಡು ಬೀರುವನ್ನೇ ನೋಡುತ್ತ ನಿಂತಳು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದ ತಿಂಗಳು ಒಬ್ಬ ಬಂದಿದ್ದ. ಹೆಂಡತಿ ಅಂತ ಯಾರನ್ನೋ ಕರಕೊಂಡು ಬಂದಿದ್ದ. ಅವಳೂ ಹೀಗೇ ನಾಚಿಕೊಂಡು ನಿಂತಳು, ಪಾಪ ಹಳ್ಳಿ ಹೆಂಗಸು ಅಂತ ನಾನು ಸಹಿ ಹಾಕಿದೆ. ಮರುವಾರ ನಿಜವಾದ ಹೆಂಡತಿ ಎದೆ ಬಡಕೊಂಡು ಬಂದಳು. ಇನ್ನೊಂದು ಸಲ ಆ ತಪ್ಪು ನನ್ನಿಂದ ಆಗಲ್ಲ. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿಗೆ ನಾನು ಜಾಗ ಬರೆಯಲ್ಲ."

"ಗೊತ್ತಿಲ್ಲದೆ ಏನು!" ಅತ್ತೆ ಮುಂದೆ ಬಂದಳು. "ನಿಮ್ಮ ಮನೆಯೋರು ನಿಮ್ಮ ಹೆಸರು ಹಿಡಿದು ಕೂಗ್ತಾರಾ ಸಾಹೇಬ್ರೆ? ಬನ್ನಿ, ನಡೀರಿ, ಕೇಳ್ಕೊಂಡು ಬರೋಣ!"

ಗುಮಾಸ್ತರೆಲ್ಲ ನಕ್ಕರು. ಸಾಹೇಬರಿಗೂ ನಗು ಬಂದಿರಬೇಕು, ಆದರೆ ಅವರು ಕಾಗದವನ್ನು ಪಕ್ಕದ ರಾಶಿಗೆ ಸರಿಸಿದರು. "ಮುಂದಿನ ಗುರುವಾರ ಬನ್ನಿ. ಊರಿನ ಇಬ್ಬರು ಹಿರಿಯರನ್ನ ಸಾಕ್ಷಿಗೆ ಕರಕೊಂಡು ಬನ್ನಿ. ಮುಂದಿನವರು ಯಾರಪ್ಪ?"

ಮುಂದಿನ ಗುರುವಾರ ಅಂದರೆ ಸೋಮವಾರ ದಾಟಿ ಹೋಗಿರುತ್ತದೆ. ತಗಡು ಬೇರೆ ಊರಿಗೆ. ಮಾಜೆದಾ ಗಂಡನ ಮುಖ ನೋಡಿದಳು. ಈಗ ಅವನು ಸುಮ್ಮನೆ ಹೊರಗೆ ನಡೆದರೆ ಸಾಕಿತ್ತು, ಜಾಗ ಉಳಿಯುತ್ತಿತ್ತು, ಚಹಾ ಅಂಗಡಿಯಲ್ಲಿ ಮಾನವೂ ಉಳಿಯುತ್ತಿತ್ತು, ಯಾರೂ ಅವನನ್ನು ದೂರುವ ಹಾಗಿರಲಿಲ್ಲ. ಅವನು ನಡೆಯಲಿಲ್ಲ. ಅವಳ ಹತ್ತಿರ ಬಗ್ಗಿ ಹೇಳಿದ:

"ಹೇಳೇ. ನನಗೇನೂ ಆಗಲ್ಲ. ಹೇಳು."

"ನಿಮ್ಮ ಆಯಸ್ಸು..."

"ದಿನಾ ಲಾರಿಗಳ ಮಧ್ಯೆ ವ್ಯಾನು ತುಳಿಯೋನು ನಾನು. ನಿನ್ನ ಬಾಯಿಂದ ಸಾಯ್ತೀನಾ?"

ಮಾಜೆದಾ ಕಣ್ಣು ಮುಚ್ಚಿದಳು. ಮನಸ್ಸಿನಲ್ಲೇ ತೌಬಾ, ತಪ್ಪಾಯಿತು ದೇವರೇ ಎಂದುಕೊಂಡಳು. ಮೊದಲ ಸಲ ಬರೀ ಗಾಳಿ ಬಂತು.

"ಏನು? ಕೇಳಿಸಲಿಲ್ಲ," ಎಂದರು ಸಾಹೇಬರು.

"ಇಂತಾಜ್ ಆಲಿ!"

ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕೋಳಿ ಕರೆಯುವ ದನಿ ಅದು, ಅಂಗಳದಿಂದ ಹಿತ್ತಲಿಗೆ ಕೇಳಿಸುವಂಥದ್ದು. ಜಗಲಿಯಲ್ಲಿದ್ದ ಐವತ್ತು ಜನ ಮಾತು ನಿಲ್ಲಿಸಿದರು. ಅವರಲ್ಲಿ ಒಬ್ಬ ಮುದುಕ, ಬೇರೆ ಯಾರೋ ಇಂತಾಜ್ ಆಲಿಯೇ ಇರಬೇಕು, "ಬಂದೆ, ಬಂದೆ!" ಎಂದು ಎದ್ದು ನಿಂತ.

ಇಂತಾಜ್ ಆಲಿಯ ಕಿವಿ ಕೆಂಪಗಾಯಿತು. ಮದುವೆಯ ದಿನ ಕೂಡ ಅವನು ಅಷ್ಟು ನಾಚಿಕೊಂಡದ್ದನ್ನು ಮಾಜೆದಾ ನೋಡಿರಲಿಲ್ಲ. ಸಾಹೇಬರು ಕನ್ನಡಕ ಹಾಕಿಕೊಂಡು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಆ ಮುಖ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ ಅನಿಸುತ್ತದೆ. ಕಾಗದವನ್ನು ರಾಶಿಯಿಂದ ಎಳೆದು ಠಸ್ಸೆ ಒತ್ತಿದರು. ಮಾಜೆದಾ ಶೆಫಾಲಿ ಕಲಿಸಿದ ಹಾಗೆ ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡಿದಳು. ಕೊನೆಯ ಅಕ್ಷರ ಗೆರೆಯ ಆಚೆ ಹೋಯಿತು.

ಬರುವಾಗ ಅರ್ಧ ದಾರಿಯಲ್ಲಿ ಇಂತಾಜ್ ಆಲಿ ತಿರುಗಿ ನೋಡದೆ, "ಇನ್ನೊಂದು ಸಲ ಹೇಳು" ಎಂದ.

"ತಲೆ ಕೆಟ್ಟಿದೆಯಾ ನಿಮಗೆ? ಅಮ್ಮ ಇದ್ದಾರೆ."

"ನನಗೆ ನಿದ್ದೆ ಬಂದಿದೆ," ಎಂದಳು ಅತ್ತೆ, ಕಣ್ಣು ತೆರೆದುಕೊಂಡೇ.

ಮಾಜೆದಾ ಹೇಳಲಿಲ್ಲ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಭಯ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಅತ್ತೆಯ ಕಿವಿಯಲ್ಲಿ ಕೇಳಿದಳು: "ಅಮ್ಮಾ, ಅವರಿಗೇನೂ ಆಗಲ್ಲ ತಾನೇ?"

ಮುದುಕಿ ಎಲೆಯ ರಸವನ್ನು ರಸ್ತೆಯ ಬದಿಗೆ ಉಗಿದಳು. "ನಿನ್ನ ಮಾವನ ಹೆಸರು ನಾನು ಇವತ್ತಿನವರೆಗೂ ಹೇಳಿಲ್ಲ. ಆದ್ರೂ ಐವತ್ತಕ್ಕೇ ಹೋದ್ರು. ಇನ್ನೇನು ಹೇಳ್ಲಿ?"

ಸೋಮವಾರ ಸಾರ್ ಕಾಗದ ನೋಡಿ ತಲೆದೂಗಿದರು. ಚಪ್ಪರದ ಕೆಳಗೆ ಕೊಹಿನೂರ್ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು. "ಎಂಟು ವರ್ಷ ನಿನ್ನ ಗಂಡನ ಹೆಸರು ನಾನು ಹೊತ್ತು ತಿರುಗಿದೆ. ಒಂದು ದಿನ ನಾನಿಲ್ಲದೆ ಹೋದ್ರೆ ನೀನೇ ಕೂಗಿಬಿಡೋದಾ?" ಎಂದು ಕಾಲೆಳೆದಳು. ಆ ವಾರ ಕಂತು ಕಟ್ಟುವುದಕ್ಕಿಂತ ಆ ಕತೆಯನ್ನು ಮೂರು ಸಲ ಹೇಳಿಸಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಮನೆ ಎದ್ದಿತು. ನಾಲ್ಕು ಸಿಮೆಂಟಿನ ಕಂಬಗಳನ್ನು ಇಂತಾಜ್ ಆಲಿ ತನ್ನ ವ್ಯಾನಿನಲ್ಲೇ ಎರಡು ಸುತ್ತಿನಲ್ಲಿ ತಂದ. ಮಣ್ಣಿನ ಅಡಿಪಾಯವನ್ನು ನೆರೆಯ ನೀರು ಏರದಷ್ಟು ಎತ್ತರ ಮಾಡಿದರು. ಅದಕ್ಕೆ ಆ ಸಾಲಿನ ಐದು ಹೆಂಗಸರೂ ಮಣ್ಣು ಹೊತ್ತರು. ಮೊಕಿಮ್ ತನ್ನ ಅಂಗಳದಲ್ಲಿ ನಿಂತು ನೋಡುತ್ತಿದ್ದ. ಕೈ ಹಾಕಲಿಲ್ಲ, ಆದರೆ ತಗಡಿಗೆ ಮೊಳೆ ಹೊಡೆಯುವಾಗ, "ಆ ಕಡೆ ಇನ್ನೊಂದು ಹೊಡೀರಿ, ಗಾಳಿ ಅಲ್ಲಿಂದಲೇ ಬರೋದು" ಎಂದು ಸಲಹೆ ಕೊಟ್ಟ. ಅವನು ಹೇಳಿದ್ದು ಸರಿಯಾಗಿಯೇ ಇತ್ತು, ಹೊಡೆದರು.

ಚಹಾ ಅಂಗಡಿಯಲ್ಲಿ ಟವೆಲ್ ಕುಣಿತ ಇನ್ನೂ ಒಂದೆರಡು ಸಲ ನಡೆಯಿತು. ಇಂತಾಜ್ ಆಲಿ ಒಂದು ದಿನ ತಾನೂ ನಕ್ಕುಬಿಟ್ಟ. ಆಮೇಲೆ ಅದರ ರುಚಿ ಹೋಯಿತು.

ವೈಶಾಖದ ಕೊನೆಯ ವಾರ ಒಂದು ಮಧ್ಯಾಹ್ನ ವಾಯವ್ಯದಲ್ಲಿ ಆಕಾಶ ಕಪ್ಪಗಾಯಿತು. ಮಾಜೆದಾ ಒಲೆ ಆರಿಸಿ, ಹುರಿದ ಮಂಡಕ್ಕಿಯ ಚೀಲಗಳನ್ನು ಒಳಗೆ ಎಳೆಯುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಹಲಸಿನ ಮರ ನೆಲಕ್ಕೆ ಬಾಗಿತು. ತಗಡು ಒಮ್ಮೆ ನಡುಗಿ ಸದ್ದು ಮಾಡಿತು, ಆಮೇಲೆ ಕಂಬ ಹಿಡಿದುಕೊಂಡು ನಿಂತಿತು. ಪಕ್ಕದ ಅಂಗಳದಲ್ಲಿ ಮೊಕಿಮನ ಹುಲ್ಲಿನ ಸೂರು ಎದ್ದು, ತಿರುಗಿ, ಕೆರೆಯ ಕಡೆ ಹಾರಿಹೋಯಿತು.

ಮೊಕಿಮನ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಓಡಿ ಬಂದಳು. ಹಿಂದೆ ಮೊಕಿಮ್, ತಲೆಯ ಮೇಲೆ ಅಕ್ಕಿಯ ಡಬ್ಬ ಹೊತ್ತುಕೊಂಡು. ಬಾಗಿಲವರೆಗೆ ಬಂದವನು ಸೂರಿನ ಅಂಚಿನಲ್ಲೇ ನಿಂತುಬಿಟ್ಟ. ಗಂಡನ ಅಣ್ಣನೊಂದಿಗೆ ಮಾಜೆದಾ ನೇರವಾಗಿ ಮಾತಾಡುವವಳಲ್ಲ. ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ, "ಅಮ್ಮಾ, ಬಾವನೋರಿಗೆ ಒಳಗೆ ಬರೋಕೆ ಹೇಳಿ, ನೆನೀತಿದ್ದಾರೆ" ಎಂದಳು. ಅವನು ತಲೆ ತಗ್ಗಿಸಿ ಬಂದು ಮಂಡಕ್ಕಿ ಚೀಲಗಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಶೆಫಾಲಿ ಇದ್ದಳು. ಅತ್ತೆ ಇದ್ದಳು. ಗಂಡ ಇರಲಿಲ್ಲ.

ಬಾಗಿಲಿಂದ ನೋಡಿದರೆ ಅಂಗಳದ ಆ ತುದಿಯಲ್ಲಿ, ಧಾರಾಕಾರ ಮಳೆಯಲ್ಲಿ, ಅವನು ವ್ಯಾನನ್ನು ಹಲಸಿನ ಮರಕ್ಕೆ ಹಗ್ಗದಿಂದ ಬಿಗಿಯುತ್ತಿದ್ದ. ಅವಳ ದುಡಿಮೆಯ ವ್ಯಾನು, ಹಾರಿಹೋಗಬಾರದೆಂದು. ಮೇಲೆ ಮರದ ದೊಡ್ಡ ಕೊಂಬೆ ಕಿರುಗುಟ್ಟುತ್ತಿತ್ತು. ಅವನಿಗೆ ಅದು ಕಾಣಿಸುತ್ತಿರಲಿಲ್ಲ.

"ಶೆಫಾಲಿ ಅಪ್ಪಾ!"

ಗಾಳಿ ಅದನ್ನು ಬಾಗಿಲಲ್ಲೇ ನುಂಗಿತು.

"ಶೆಫಾಲಿ ಅಪ್ಪಾ, ಕೇಳಿಸ್ತಾ!"

ಅವನು ಬಗ್ಗಿಯೇ ಇದ್ದ. ಕೊಂಬೆ ಮತ್ತೆ ಕಿರುಗುಟ್ಟಿತು. ಮಾಜೆದಾ ಸೆರಗನ್ನು ತಲೆಯಿಂದ ಕಿತ್ತುಹಾಕಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, ಹೊಟ್ಟೆಯಿಂದ ಕೂಗಿದಳು:

"ಇಂತಾಜ್ ಆಲೀ! ಒಳಗೆ ಬನ್ನೀ!"

ಅವನು ತಲೆ ಎತ್ತಿದ. ಹಗ್ಗ ಬಿಟ್ಟು ಓಡಿದ. ಕೊಂಬೆ ಬಿದ್ದಾಗ ಅವನು ಅಂಗಳದ ನಡುವೆ ಇದ್ದ, ವ್ಯಾನಿನ ಒಂದು ಚಕ್ರ ಮಾತ್ರ ಸೊಟ್ಟಗಾಯಿತು. ಬಾಗಿಲಲ್ಲಿ ಅವನು ನೀರು ಸುರಿಸುತ್ತ ನಿಂತಿದ್ದ, ಅವಳು ಅವನ ಭುಜ, ತಲೆ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮನೆ ತುಂಬ ಜನರಿದ್ದಾರೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ಮೂಲೆಯಿಂದ ಅತ್ತೆಯ ಪುಟ್ಟ ಒರಳಿನ ಕುಟ್ಟುವ ಸದ್ದು ನಿಂತಿತು.

"ಮೊಕಿಮ್," ಎಂದಳು ಮುದುಕಿ. "ನನಗೆ ಕಿವಿ ಸರಿಯಾಗಿ ಕೇಳಲ್ಲ. ಅವಳು ಗಂಡನ ಹೆಸರು ಹಿಡಿದು ಏನೋ ಕೂಗಿದಳಲ್ಲ, ಏನಂದ್ಲು?"

ಮೊಕಿಮ್ ಭುಜದ ಮೇಲಿದ್ದ ಒದ್ದೆ ಟವೆಲ್ಲನ್ನು ಹಿಂಡಿದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಳಗೆ ಬನ್ನಿ ಅಂದ್ಲು, ಅಮ್ಮಾ," ಎಂದ.